ಯಾರೂ ಇಲ್ಲದವರ ತಿಂಗಳು

ಚೀನೀಯರ ಏಳನೇ ತಿಂಗಳು ಬಂತೆಂದರೆ ಸಿಂಗಪುರದ ಫ್ಲ್ಯಾಟುಗಳ ಕೆಳಗೆಲ್ಲ ಹೊಗೆಯೋ ಹೊಗೆ. ನರಕದ ಬಾಗಿಲು ತೆರೆದು, ಹಸಿದ ಪ್ರೇತಗಳು ತಿಂಗಳಿಡೀ ಊರು ಸುತ್ತುತ್ತವೆ ಅಂತ ನಂಬಿಕೆ. ಅವುಗಳ ಕೈಖರ್ಚಿಗೆ ಕಬ್ಬಿಣದ ಡ್ರಮ್ಮುಗಳಲ್ಲಿ 'ನರಕದ ಬ್ಯಾಂಕಿ'ನ ನೋಟು ಸುಡುತ್ತಾರೆ. ಜೊತೆಗೆ ಕಾಗದದ ಅಂಗಿ, ಬೂಟು, ಈಚೀಚೆಗೆ ಕಾಗದದ ಮೊಬೈಲೂ. ಒಂದು ಸಂಜೆ ಬಿದಿರು ಗಳದ ಮೇಲೆ ಒಣಹಾಕಿದ್ದ ನನ್ನ ಬಿಳಿ ಪಂಚೆಗೆಲ್ಲ ಆ ನೋಟುಗಳ ಬೂದಿ. ಗೊಣಗುತ್ತಲೇ ಕೆಳಗಿಳಿದೆ.

ಪಕ್ಕದ ಮನೆಯ ಆಂಟಿ (ಇಲ್ಲಿ ವಯಸ್ಸಾದ ಹೆಂಗಸರೆಲ್ಲ ಆಂಟಿಯೇ) ಹುಲ್ಲಿನಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಊದುಬತ್ತಿ ಚುಚ್ಚುತ್ತಿದ್ದರು. ಮುಂದೆ ಅನ್ನ, ಕಿತ್ತಳೆ, ಪುಟ್ಟ ಬಟ್ಟಲುಗಳಲ್ಲಿ ಚಹಾ, ಹಬೆಯಲ್ಲಿ ಬೆಂದು ನೆತ್ತಿ ಬಿರಿದ ಗುಲಾಬಿ ಬಣ್ಣದ ಕೇಕು.

"ಮನೇಲೇ ಹಿರಿಯರ ಪೀಠ ಇದೆಯಲ್ಲ ಆಂಟಿ, ಇಲ್ಯಾಕೆ?"

"ನಮ್ಮವರಿಗೆ ಒಳಗೆ ಮೇಜಿನ ಮೇಲೆ ಇಟ್ಟಾಯ್ತು. ಇದು ಯಾರೂ ಇಲ್ಲದವರಿಗೆ."

ಆಮೇಲೆ ಕಥೆ ಹೇಳಿದರು. ಮುಲಿಯನ್ ಎಂಬ ಭಿಕ್ಷು ತನ್ನ ತೀರಿಹೋದ ತಾಯಿಯನ್ನು ದಿವ್ಯದೃಷ್ಟಿಯಿಂದ ಹುಡುಕಿದ. ಜಿಪುಣಿಯಾಗಿದ್ದ ಆಕೆ ಪ್ರೇತವಾಗಿ, ಎಲುಬು ಚರ್ಮವಾಗಿದ್ದಳು. ಮಗ ಅನ್ನ ಕೊಟ್ಟ. ತುತ್ತು ಬಾಯಿಗೆ ಹೋಗುವ ಮೊದಲೇ ಕೆಂಡವಾಯಿತು. ಅಳುತ್ತ ಬುದ್ಧನ ಬಳಿ ಓಡಿದರೆ, 'ನಿನ್ನೊಬ್ಬನಿಂದ ಆಗದು. ಭಿಕ್ಷುಗಳು ಮಳೆಗಾಲ ಒಂದೆಡೆ ನಿಲ್ಲುವ ವರ್ಷಾವಾಸ ಮುಗಿಯುವ ಏಳನೇ ತಿಂಗಳ ಹದಿನೈದಕ್ಕೆ ಭಿಕ್ಷುಸಂಘಕ್ಕೆಲ್ಲ ಉಣಬಡಿಸು' ಅಂದನಂತೆ.

ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಆಳು ಗೊತ್ತಾಗಿದ್ದ: ಬುದ್ಧನ ಪಟ್ಟಶಿಷ್ಯ, ಸಾರಿಪುತ್ರನ ಜೋಡಿ, ನಮ್ಮ ಮೌದ್ಗಲ್ಯಾಯನ! ಈ ಕಥೆ ಬರುವ ಬೌದ್ಧ ಗ್ರಂಥ ಉಲ್ಲಂಬನ ಸೂತ್ರ ಭಾರತದ್ದೋ ಚೀನಾದಲ್ಲೇ ಹುಟ್ಟಿದ್ದೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಆಡಲಿ. ತನ್ನ ತಾಯಿಯ ಹಸಿವು ನೀಗಲು ಬೇರೆಯವರಿಗೆ ಬಡಿಸಬೇಕು ಎಂಬುದು ಯಾರ ತಲೆಗೆ ಹೊಳೆದಿದ್ದರೂ ದೊಡ್ಡ ಮಾತೇ.

ಅಷ್ಟರಲ್ಲಿ ಮೈದಾನದ ಶಾಮಿಯಾನದಲ್ಲಿ ಗೆತಾಯ್, ಅಂದರೆ ಈ ತಿಂಗಳ ಬಯಲು ಹಾಡಿನ ಕಾರ್ಯಕ್ರಮ, ಶುರುವಾಗಿತ್ತು. ಮಿಣಿಮಿಣಿ ಉಡುಪಿನ ಗಾಯಕಿ, ಹೊಕ್ಕಿಯನ್ ಎಂಬ ಚೀನೀ ನುಡಿಯ ಹಾಡು, ಕಿವಿ ಕಿತ್ತುಹೋಗುವ ಸ್ಪೀಕರು. ಜನ ಹಿಂದೆ ನಿಂತಿದ್ದರೂ ಮೊದಲ ಸಾಲಿನ ಕುರ್ಚಿಗಳು ಖಾಲಿ, ಅವು ಪ್ರೇತಗಳಿಗೆ. ಕೂರಲು ಹೋದ ಹುಡುಗನೊಬ್ಬನನ್ನು ಅವನಜ್ಜಿ ಕಾಲರ್ ಹಿಡಿದು ಎಳೆದಳು.

"ನಿಮ್ಮಲ್ಲಿ ಇಂಥದ್ದಿಲ್ವಾ?" ಅಂದರು ಆಂಟಿ. ಪಿತೃಪಕ್ಷ, ಕಾಗೆಗೆ ಪಿಂಡ ಇಡೋದು ಎಲ್ಲ ಹೇಳಿದೆ. ತರ್ಪಣದ ಕೊನೆಗೆ ತಾಯಿ, ತಂದೆ, ಬಂಧು ಯಾರೂ ಇಲ್ಲದವರಿಗೂ ಒಂದು ಬೊಗಸೆ ನೀರು ಬಿಡುತ್ತೇವೆ ಅಂತ ಸ್ವಲ್ಪ ಜಂಬದಿಂದಲೇ ಸೇರಿಸಿದೆ.

ಆಂಟಿ ನನ್ನನ್ನೇ ನೋಡಿದರು. "ಅವರಿಗೆ ಬರೀ ನೀರಾ? ಊಟ ಇಲ್ವಾ?"