ತೆರೆದ ಮಾತ್ರಕ್ಕೆ ಕೂಡಿಕೊಂಡಂತಲ್ಲ

14 ನವೆಂಬರ್ 2024, ಗುರುವಾರ

ಸಂಜೆ ಹೊರಡುವ ಹೊತ್ತಿಗೆ ಪ್ರಸನ್ನ ಕೈಯಲ್ಲೊಂದು ಲಾಗ್ ಹಿಡಿದು ಬಂದ. ಅವನ ಪಾಲಿಗೆ ಬಂದಿರುವುದು ಸೊಲಾರಿಸ್ ಅನ್ನುವ ಯುನಿಕ್ಸ್ ಮೇಲಿನ ಹಳೆಯ ಸರ್ವರ್ ಪ್ರೋಗ್ರಾಂ. ನೆಟ್‌ವರ್ಕಿನಲ್ಲಿ ಮಾತಾಡಲು ಸಾಮಾನ್ಯವಾಗಿ ಬಳಸುವ ಸಾಕೆಟ್ ಅಲ್ಲ, ಅದೇ ಕೆಲಸದ ಹಳೆಯ ಟಿಎಲ್‌ಐ (ಟ್ರಾನ್ಸ್‌ಪೋರ್ಟ್ ಲೇಯರ್ ಇಂಟರ್ಫೇಸ್) ಕೋಡು. ಅದರಲ್ಲಿ ಸಂಪರ್ಕದ ತುದಿಯನ್ನು, ಅಂದರೆ ಎಂಡ್‌ಪಾಯಿಂಟನ್ನು, ತೆರೆಯುವ ಕರೆ ಟಿ_ಓಪನ್.

"ಸರ್, ಟಿ_ಓಪನ್ -1 ಕೊಡ್ತಿದೆ. ಪಿಎರರ್ ಹಾಕಿದ್ರೆ ಐಆಕ್ಟಲ್ ಈ ಡಿವೈಸಿಗೆ ಹೊಂದಲ್ಲ ಅಂತಿದೆ. ಡ್ರೈವರ್ರೇ ಕೆಟ್ಟಿದ್ಯಾ?"

"ಟಿ_ಎರ್‌ನೋ ನೋಡಿದ್ಯಾ?"

"ಎರ್‌ನೋ ನೋಡ್ದೆ ಸರ್, 25."

ಎರಡೂ ಬೇರೆ ಬೇರೆ. ಟಿ_ಎರ್‌ನೋದಲ್ಲಿರುವುದು ಟಿಎಲ್‌ಐನ ತಪ್ಪಿನ ಸಂಖ್ಯೆ, ಎರ್‌ನೋದಲ್ಲಿರುವುದು ಆಪರೇಟಿಂಗ್ ಸಿಸ್ಟಂನದು; ಪಿಎರರ್ ಓದಿ ಹೇಳುವುದು ಎರ್‌ನೋವನ್ನು ಮಾತ್ರ. ಟಿ_ ಅಂತ ಶುರುವಾಗುವ ಕರೆ ಸೋತರೆ ಮೊದಲು ನೋಡಬೇಕಾದ್ದು ಟಿ_ಎರ್‌ನೋ. ಅದರಲ್ಲಿ ಟಿಸಿಸ್‌ಎರ್ (ತಪ್ಪು ಸಿಸ್ಟಂನದು) ಇದ್ದಾಗ ಮಾತ್ರ ಎರ್‌ನೋಗೆ ಅರ್ಥ. ಇಲ್ಲದಿದ್ದರೆ ಅಲ್ಲಿರುವುದು ಹಿಂದಿನ ಯಾವುದೋ ಕರೆ ಬಿಟ್ಟುಹೋದ ಅಂಕಿ. ಔಟ್‌ಪುಟ್ ಫೈಲಿಗೆ ಹೋಗುತ್ತಿದ್ದರೆ, ಇದು ಟರ್ಮಿನಲ್ಲೋ ಅಲ್ಲವೋ ಅಂತ ಸ್ಟ್ಯಾಂಡರ್ಡ್ ಐಓ ಲೈಬ್ರರಿ ಪರೀಕ್ಷಿಸುವಾಗಲೇ ಐಆಕ್ಟಲ್ (ಡಿವೈಸಿಗೆ ಕೊಡುವ ಆಜ್ಞೆ) ಹೊಂದಲ್ಲ ಅನ್ನುವ ಈ 25 ಬಂದು ಕೂರುತ್ತದೆ. ಪಿಎರರ್ ತೆಗೆದು ಟಿ_ಎರರ್ ಹಾಕಿಸಿದೆ. ಟಿಬ್ಯಾಡ್‌ಫ್ಲ್ಯಾಗ್, ಅಂದರೆ ಕೊಟ್ಟ ಫ್ಲ್ಯಾಗ್ ತಪ್ಪು ಅಂತ ಬಂತು. ಎರಡನೇ ಆರ್ಗ್ಯುಮೆಂಟಿನಲ್ಲಿ ಓ_ನಾನ್‌ಬ್ಲಾಕ್ (ಕಾಯದೆ ಹಿಂತಿರುಗು) ಒಂದೇ ಇತ್ತು, ಓ_ಆರ್‌ಡಿಡಬ್ಲ್ಯುಆರ್ (ಓದಲೂ ಬರೆಯಲೂ ತೆರೆ) ಇರಲಿಲ್ಲ. ಓದು-ಬರಹ ಎರಡೂ ಇರಲೇಬೇಕು, ನಾನ್‌ಬ್ಲಾಕ್ ಬೇಕಿದ್ದರೆ ಅದರ ಜೊತೆಗೆ.

ಯಾಕೆ ಎರಡೂ ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಪ್ರೋಗ್ರಾಂ ಮಾಡುವ ಸಿಸ್ಟಂ ಕರೆಗಳನ್ನು ತೋರಿಸುವ ಟ್ರಸ್ ಹಾಕಿ ತೋರಿಸಿದೆ. ಟಿ_ಓಪನ್ ಒಳಗೆ ಮೊದಲು /ಡೆವ್/ಟಿಸಿಪಿಯನ್ನು ಮಾಮೂಲಿ ಓಪನ್‌ನಿಂದಲೇ ತೆರೆಯುತ್ತದೆ. ಆಮೇಲೆ ಹಾಗೆ ತೆರೆದ ಸ್ಟ್ರೀಮಿನ (ಡೇಟಾ ಹರಿಯುವ ದಾರಿಯ) ಮೇಲೆ ಟಿಎಲ್‌ಐ ಕರೆಗಳಿಗೆ ನೆರವಾಗುವ ಟಿಮಾಡ್ ಮಾಡ್ಯೂಲನ್ನು ಪುಶ್ ಮಾಡುತ್ತದೆ. ಕೊನೆಗೆ ಕೆಳಗಿರುವ ಟ್ರಾನ್ಸ್‌ಪೋರ್ಟ್ ಪ್ರೊವೈಡರಿಗೆ (ಇಲ್ಲಿ ಟಿಸಿಪಿಗೆ) 'ನಿನ್ನ ವಿವರ ಕೊಡು' ಅಂತ ಒಂದು ಮೆಸೇಜ್ ಕಳಿಸಿ ಉತ್ತರ ಓದಿಕೊಳ್ಳುತ್ತದೆ. ಕೇಳಬೇಕು, ಕೇಳಿಸಿಕೊಳ್ಳಬೇಕು. ಒಂದೇ ದಿಕ್ಕಿನಲ್ಲಿ ತೆರೆದರೆ ಈ ಮಾತುಕತೆಯೇ ನಡೆಯದು.

ಆ ಉತ್ತರ ಮೂರನೇ ಆರ್ಗ್ಯುಮೆಂಟಿನ ಟಿ_ಇನ್ಫೋದಲ್ಲಿ ಬಂದು ಕೂರುತ್ತದೆ. ಹೆಚ್ಚಿನವರು ಅಲ್ಲಿ ನಲ್ ಕೊಟ್ಟು ಮುಂದೆ ಹೋಗುತ್ತಾರೆ. ನನಗೆ ಬೇಸರವಾಗುವುದು ಅಲ್ಲೇ. 1986ರ ಯುನಿಕ್ಸ್ ಸಿಸ್ಟಂ ಫೈವ್ ರಿಲೀಸ್ 3ರಲ್ಲಿ ಟಿಎಲ್‌ಐ ಬಂದದ್ದೇ ಪ್ರೋಗ್ರಾಂ ಯಾವ ಪ್ರೊಟೊಕಾಲಿಗೂ ಜೋತುಬೀಳದಿರಲಿ ಅಂತ. ವಿಳಾಸಕ್ಕೆ ಎಷ್ಟು ಬೈಟ್ ಬೇಕು, ಒಮ್ಮೆಗೆ ಎಷ್ಟು ಡೇಟಾ ಕಳಿಸಬಹುದು, ಸೇವೆ ಯಾವ ಬಗೆಯದು, ಎಲ್ಲವನ್ನೂ ಅದೇ ಹೇಳುತ್ತದೆ. ಟಿಎಸ್‌ಡಿಯು (ಒಂದು ಮೆಸೇಜಿನ ಗರಿಷ್ಠ ಗಾತ್ರ) 0 ಬಂದರೆ ಮೆಸೇಜಿನ ಗಡಿ ಇಲ್ಲ, ಬರೀ ಬೈಟುಗಳ ಹರಿವು ಅಂತ ಅರ್ಥ, ಟಿಸಿಪಿ ಹಾಗೆಯೇ. -1 ಅಂದರೆ ಮಿತಿಯಿಲ್ಲ, -2 ಅಂದರೆ ಆ ಸೌಲಭ್ಯವೇ ಇಲ್ಲ. ಈ ಸಂಖ್ಯೆಯನ್ನು ನೋಡದೆ ಮೆಮೊರಿ ಕೇಳುವ ಮ್ಯಾಲಕ್‌ಗೆ ನೇರ ಕೊಟ್ಟ ಕೋಡು ಎಷ್ಟೋ ಕಡೆ ಇದೆ. -1 ಅಲ್ಲಿ ದೈತ್ಯ ಗಾತ್ರವಾಗಿ ಬಿಡುತ್ತದೆ, ಮೆಮೊರಿ ಸಿಗುವುದಿಲ್ಲ.

ಪ್ರಸನ್ನನ ಸೋರ್ಸಿನಲ್ಲಿ ಒಂದು ಫೈಲ್ ಟಿಎಲ್‌ಐನ ಟಿಯೂಸರ್ ಹೆಡರನ್ನೂ ಇನ್ನೊಂದು ಎಕ್ಸ್‌ಟಿಐ (ಟಿಎಲ್‌ಐನ ಮುಂದಿನ ರೂಪ) ಹೆಡರನ್ನೂ ಸೇರಿಸಿಕೊಂಡಿದೆ. ಎಕ್ಸ್‌ಟಿಐನ ಟಿ_ಇನ್ಫೋದಲ್ಲಿ ಕೊನೆಗೆ ಫ್ಲ್ಯಾಗ್ಸ್ ಅಂತ ಒಂದು ಫೀಲ್ಡ್ ಹೆಚ್ಚು. ಒಂದು ಕಡೆ ಜಾಗ ಮಾಡಿ ಇನ್ನೊಂದು ಕಡೆ ತುಂಬಿಸಿದರೆ ಪಕ್ಕದ ವೇರಿಯಬಲ್ ಹಾಳು. ಯಾವುದಾದರೂ ಒಂದನ್ನೇ ಇಟ್ಟುಕೊಳ್ಳಲಿ. ಎಕ್ಸ್‌ಟಿಐ ವಾಸಿ.

ಯಾಕೆ ವಾಸಿ ಅನ್ನುವುದಕ್ಕೆ ಎಂಡ್‌ಪಾಯಿಂಟಿಗೆ ವಿಳಾಸ ಕಟ್ಟುವ ಟಿ_ಬೈಂಡ್ ಒಂದೇ ಸಾಕು. ಟಿ_ಓಪನ್ ಮುಗಿದಾಗ ಎಂಡ್‌ಪಾಯಿಂಟ್ ಟಿ_ಯುಎನ್‌ಬಿಎನ್‌ಡಿ ಸ್ಥಿತಿಯಲ್ಲಿರುತ್ತದೆ, ವಿಳಾಸವಿಲ್ಲ. ಟಿ_ಬೈಂಡ್‌ಗೆ ಪೋರ್ಟ್ 5000 ಕೇಳಿದೆ ಅಂದುಕೊಳ್ಳಿ, ಬೇರೆ ಪ್ರೋಗ್ರಾಂ ಅದನ್ನು ಹಿಡಿದಿದೆ. ಎಕ್ಸ್‌ಟಿಐ ಆದರೆ ಟಿಆಡ್ರ್‌ಬಿಸಿ ಅಂತ ಸೋಲುತ್ತದೆ, ಗೊತ್ತಾಗುತ್ತದೆ. ಹಳೆಯ ಟಿಎಲ್‌ಐ ತನ್ನ ಪಾಡಿಗೆ ಬೇರೊಂದು ವಿಳಾಸ ಕೊಟ್ಟು 0 ಅಂತ ಹಿಂತಿರುಗಬಹುದು! ಸರ್ವರ್ ಎದ್ದಿದೆ, ಲಾಗ್ ಶುದ್ಧವಾಗಿದೆ, ಆದರೆ ಒಬ್ಬ ಕ್ಲೈಂಟೂ ಬರುವುದಿಲ್ಲ. ಕೇಳಿದ ವಿಳಾಸ, ಸಿಕ್ಕ ವಿಳಾಸ ಎರಡನ್ನೂ ಹೋಲಿಸಿ, ಬೇರೆಯಾದರೆ ಅಲ್ಲೇ ನಿಲ್ಲಿಸಬೇಕು. ಹೋಲಿಸಲು, ಸಿಕ್ಕ ವಿಳಾಸ ತರುವ ಆರ್ಗ್ಯುಮೆಂಟಾದ ರೆಟ್ ಕೊಡುವಾಗ ಅದರ ನೆಟ್‌ಬಫ್‌ನಲ್ಲಿ ಮ್ಯಾಕ್ಸ್‌ಲೆನ್ (ಇಟ್ಟ ಜಾಗದ ಗಾತ್ರ) ತುಂಬಿರಬೇಕು. ಅದು 0 ಆಗಿದ್ದರೆ ವಿಳಾಸ ವಾಪಸ್ ಬರುವುದೇ ಇಲ್ಲ.

"ಇದೆಲ್ಲ ಸಾಕೆಟ್‌ಗೆ ಬದಲಾಯಿಸೋಣ ಸರ್" ಅಂದ. ಬದಲಾಯಿಸಲಿ, ಅದೇ ಸರಿ. ಯುನಿಕ್ಸ್‌ಗಳ ಮಾನದಂಡವಾದ ಸಿಂಗಲ್ ಯುನಿಕ್ಸ್ ಸ್ಪೆಸಿಫಿಕೇಶನ್ನಿನ 2001ರ ಆವೃತ್ತಿಯಲ್ಲೇ ಎಕ್ಸ್‌ಟಿಐ ಇಲ್ಲ. ಆದರೆ ಈಗಿರುವ ಕೋಡು ಏನು ಮಾಡುತ್ತದೆ ಅಂತ ತಿಳಿಯದೆ ಬದಲಾಯಿಸಿದರೆ ಅದರ ನಡವಳಿಕೆಯೂ ಬದಲಾಗುತ್ತದೆ.

ಇನ್ನೊಂದು ಬಾಕಿ ಇದೆ. ಸಾಕೆಟ್‌ನಲ್ಲಿ ಆಗುವಂತೆ ಇಲ್ಲಿ ಅಕ್ಸೆಪ್ಟ್ ಹೊಸ ಎಫ್‌ಡಿ (ತೆರೆದದ್ದನ್ನು ಗುರುತಿಸುವ ಸಂಖ್ಯೆ) ತಂದುಕೊಡುವುದಿಲ್ಲ. ಬಂದ ಪ್ರತಿ ಕ್ಲೈಂಟಿಗೂ ನಾವೇ ಮತ್ತೆ ಟಿ_ಓಪನ್ ಮಾಡಿ, ಕೇಳುವ ವಿಳಾಸ, ಸಿಗುವ ವಿಳಾಸ ಎರಡಕ್ಕೂ ನಲ್ ಕೊಟ್ಟು ಬೈಂಡ್ ಮಾಡಿ, ಅದನ್ನು ಟಿ_ಅಕ್ಸೆಪ್ಟ್‌ಗೆ ಕೊಡಬೇಕು. ಕ್ಯೂಲೆನ್ (ಕಾದಿರಬಹುದಾದ ಕ್ಲೈಂಟುಗಳ ಸಂಖ್ಯೆ) 1ಕ್ಕಿಂತ ಹೆಚ್ಚಿದ್ದು, ಅಷ್ಟರಲ್ಲಿ ಇನ್ನೊಂದು ಕ್ಲೈಂಟಿನ ಕರೆ ಬಂದು ಕಾದಿದ್ದರೆ ಟಿ_ಅಕ್ಸೆಪ್ಟ್ ಟಿಲುಕ್ (ಬೇರೇನೋ ಬಂದಿದೆ, ನೋಡು) ಅಂತ ಸೋಲುತ್ತದೆ. ಆಗ ಆ ಹೊಸ ಕರೆಯನ್ನು ಟಿ_ಲಿಸನ್‌ನಿಂದ ತೆಗೆದಿಟ್ಟು ಮತ್ತೆ ಅಕ್ಸೆಪ್ಟ್ ಮಾಡಬೇಕು. ಪ್ರಸನ್ನನ ಕೋಡು ಹಾಗೆ ಮಾಡದೆ ಸುಮ್ಮನೆ ಲೂಪಿನ ಮೇಲಕ್ಕೆ ಹೋಗುತ್ತದೆ, ಟಿ_ಕ್ಲೋಸ್ ಇಲ್ಲ, ತೆರೆದ ಎಫ್‌ಡಿ ಹಾಗೇ ಉಳಿಯುತ್ತದೆ. ಸೊಲಾರಿಸ್‌ನಲ್ಲಿ ಎಫ್‌ಡಿಯ ಮಾಮೂಲಿ ಸಾಫ್ಟ್ ಮಿತಿ 256. ಅದು ತುಂಬಿದ ಮೇಲೆ ಟಿ_ಓಪನ್ ಟಿಸಿಸ್‌ಎರ್ ಕೊಡುತ್ತದೆ, ಆಗ ಎರ್‌ನೋ ನೋಡಲೇಬೇಕು, ಇಎಂಫೈಲ್ (ತೆರೆದವು ಮಿತಿ ಮುಟ್ಟಿವೆ) ಅಂತ ಇರುತ್ತದೆ. ವಾರಕ್ಕೊಮ್ಮೆ ಸರ್ವರ್ ರೀಸ್ಟಾರ್ಟ್ ಮಾಡ್ತಾರೆ ಅಂತ ಅವನು ಹೋಗುವಾಗ ಹೇಳಿದ್ದು ಇದಕ್ಕೇ ಇರಬೇಕು. ನಾಳೆ ತೆರೆದ ಎಫ್‌ಡಿಗಳನ್ನು ಪಟ್ಟಿ ಮಾಡುವ ಪಿಫೈಲ್ಸ್ ಹಾಕಿಸಿ, ಎಷ್ಟು ಎಫ್‌ಡಿಗಳು ಟಿಸಿಪಿ ಡಿವೈಸಿನ ಮೇಲೆ ಸುಮ್ಮನೆ ಕೂತಿವೆ ಅಂತ ನೋಡಬೇಕು.