ಹಿತ್ತಾಳೆ ಸ್ಟವ್ವಿಗೆ ಹಾಕಿದ ಸೈಕಲ್ ಟ್ಯೂಬಿನ ವಾಷರ್

ದಾವಣಗೆರೆಯ ಮಂಡಿಪೇಟೆ ಕಡೆ ನನ್ನದು ಸ್ಟವ್ ರಿಪೇರಿ ಅಂಗಡಿ. ಈಗ ಬರುವುದೆಲ್ಲ ಗ್ಯಾಸ್ ಸ್ಟವ್, ಹೋಟೆಲ್ ಬರ್ನರ್. ಪಂಪ್ ಹೊಡೆಯುವ ಸೀಮೆಎಣ್ಣೆ ಸ್ಟವ್ ತಿಂಗಳಿಗೊಂದು ಬಂದರೆ ಜಾಸ್ತಿ. ಆದರೆ ನಾನು ಕೈ ಪಳಗಿಸಿಕೊಂಡಿದ್ದೇ ಅದರ ಮೇಲೆ, ಅದಕ್ಕೇ ಅದು ಬಂದ ದಿನ ಖುಷಿ.

ಹೋದ ವರ್ಷ ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು ಒಂದು ತಗಡಿನ ಡಬ್ಬಿ ತಂದರು. ಒಳಗೆ ಕಾಲು, ಬರ್ನರ್ ಎಲ್ಲ ಬಿಚ್ಚಿಟ್ಟ ಪುಟ್ಟ ಹಿತ್ತಾಳೆ ಸ್ಟವ್. ಬೆಟ್ಟ ಹತ್ತುವವರು ಚೀಲದಲ್ಲಿ ಒಯ್ಯುತ್ತಿದ್ದಂಥದ್ದು, ಸ್ವೀಡನ್ನಿನ ಪ್ರೈಮಸ್. 1892ರಲ್ಲಿ ಸ್ಟಾಕ್‌ಹೋಮಿನ ಲಿಂಡ್‌ಕ್ವಿಸ್ಟ್ ಎಂಬುವರು ಮಾಡಿದ ಒಲೆಯ ವಂಶ ಇದು. ನಮ್ಮ ಮನೆಗಳ ಪಂಪ್ ಸ್ಟವ್ ಕೂಡ ಅದೇ ವಂಶದ್ದೇ. ಟ್ಯಾಂಕಿಗೆ ಗಾಳಿ ಹೊಡೆದರೆ ಎಣ್ಣೆ ಮೇಲೇರುತ್ತದೆ, ಕಾದ ಬರ್ನರಿನಲ್ಲಿ ಆವಿಯಾಗಿ ನಿಪ್ಪಲಿನ ಸಣ್ಣ ತೂತಿನಿಂದ ಚಿಮ್ಮಿ ನೀಲಿಯಾಗಿ ಉರಿಯುತ್ತದೆ.

"ಎಣ್ಣಿ ಜಿನುಗ್ತದಪ್ಪಾ, ನೋಡು" ಅಂದರು ಮೇಷ್ಟ್ರು.

ನೋಡಿದರೆ ಎಣ್ಣೆ ಹಾಕುವ ಮುಚ್ಚಳದ ವಾಷರ್ ಒಣಗಿ ಕಲ್ಲಾಗಿತ್ತು. ಆ ಅಳತೆಯದು ನನ್ನ ಹತ್ತಿರ ಇರಲಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದೆ. ಐದು ನಿಮಿಷ ಉರಿಸಿದೆ, ಒಂದು ಹನಿ ಇಲ್ಲ. ದುಡ್ಡು ತಗೊಂಡು ಕಳಿಸಿದೆ.

ಮೂರು ವಾರಕ್ಕೆ ಮೇಷ್ಟ್ರು ವಾಪಸ್ ಬಂದರು. ಬಲಗೈ ಮೇಲಿನ ಕೂದಲೆಲ್ಲ ಸುಟ್ಟಿತ್ತು. ಹಿತ್ತಲಲ್ಲಿ ಟೀಗೆ ನೀರಿಟ್ಟಿದ್ದರಂತೆ. ಕಾಲು ಗಂಟೆಯ ಮೇಲೆ ಮುಚ್ಚಳದ ಸಂದಿಯಿಂದ ಗಾಳಿ ಜೊತೆ ಎಣ್ಣೆ ಸಿಡಿದು ಅಲ್ಲೇ ಹೊತ್ತಿಕೊಂಡಿದೆ. ಒದ್ದೆ ಗೋಣಿಚೀಲ ಹಾಕಿ ಆರಿಸಿದ್ದಾರೆ. "ಇಲ್ಲಿ ಚೆನ್ನಾಗೇ ಇತ್ತು, ಮನೀಗೆ ಹೋದ್ಮೇಲೆ ಯಾಕ್ ಹಿಂಗಾತಪ್ಪಾ?" ಅಂತ ಸಮಾಧಾನವಾಗೇ ಕೇಳಿದರು. ಬೈದಿದ್ದರೆ ವಾಸಿ ಅನ್ನಿಸಿತು. ತಪ್ಪು ನನ್ನದೇ ಮೇಷ್ಟ್ರೇ ಅಂದೆ.

ಮುಚ್ಚಳ ಬಿಚ್ಚಿದೆ. ನಾನು ದುಂಡಗೆ ಕತ್ತರಿಸಿದ್ದ ವಾಷರ್ ದೊಡ್ಡದಾಗಿ, ಅಂಚು ಅಲೆ ಅಲೆಯಾಗಿ, ಮುಚ್ಚಳದ ಹೊರಗೆ ಇಣುಕುತ್ತಿತ್ತು. ಬೆರಳಲ್ಲಿ ಒತ್ತಿದರೆ ನೆನೆದ ರೊಟ್ಟಿಯ ಹಾಗೆ ಮೆತ್ತಗೆ. ಅವತ್ತು ರಾತ್ರಿ ಅದೇ ಟ್ಯೂಬಿನಿಂದ ಎರಡು ಬಿಲ್ಲೆ ಕತ್ತರಿಸಿದೆ. ಒಂದನ್ನು ಸೀಮೆಎಣ್ಣೆಯಲ್ಲಿ ಹಾಕಿಟ್ಟೆ, ಒಂದನ್ನು ಹಾಗೇ ಬಿಟ್ಟೆ. ಬೆಳಿಗ್ಗೆ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಅಳತೆಯವು ಅಂತ ಯಾರೂ ನಂಬುವ ಹಾಗಿರಲಿಲ್ಲ. ಟ್ಯೂಬಿನ ರಬ್ಬರ್ ಎಣ್ಣೆ ಕುಡಿದು ಊದುತ್ತದೆ. ಮೊದಲ ದಿನ ಬಿಗಿಯಾಗಿ ಕೂರುತ್ತದೆ, ಅದಕ್ಕೇ ಮೋಸ. ಅಲ್ಲಿಗೆ ಬೇಕಾದದ್ದು ಎಣ್ಣೆಗೆ ತಡೆಯುವ ನೈಟ್ರೈಲ್ ರಬ್ಬರ್. ಬಿಸಿಯೂ ಜಾಸ್ತಿ ತಡೀಬೇಕು ಅಂದರೆ ವೈಟಾನ್ ಎಂಬ ರಬ್ಬರ್. ವೈಟಾನ್ ದುಬಾರಿ, ಆದರೆ ಒಂದು ವಾಷರಿಗೆ ಬೇಕಾಗುವುದು ಎಷ್ಟು, ಉಗುರಿನಷ್ಟು ತಾನೇ?

ಈ ಸಲ ಅವಸರ ಮಾಡಲಿಲ್ಲ. ಬರ್ನರ್ ಬಿಚ್ಚಿ ಆ ಬಾಯಿಗೆ ಬಿರಡೆ ಬಿಗಿದು, ಖಾಲಿ ಟ್ಯಾಂಕಿಗೆ ಗಾಳಿ ಹೊಡೆದು ಬಕೆಟ್ ನೀರಲ್ಲಿ ಮುಳುಗಿಸಿದೆ. ಹೊಸ ವಾಷರ್ ಹಾಕಿದ ಮುಚ್ಚಳದಲ್ಲಿ ಏನೂ ಇಲ್ಲ. ಆದರೆ ಪಂಪಿನ ಬಾಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆ ಒಂದರ ಹಿಂದೊಂದು ಏಳುತ್ತಿತ್ತು. ಅಂದರೆ ಪಂಪಿನ ತಳದಲ್ಲಿರುವ ವಾಲ್ವ್ ಗಾಳಿಯನ್ನು ವಾಪಸ್ ಬಿಡುತ್ತಿತ್ತು. ಅಲ್ಲಿ ಬಿಟ್ಟರೆ ಎಣ್ಣೆ ಪಂಪಿನೊಳಗೆ ಬರುತ್ತದೆ, ಪಂಪಿನ ಕಡ್ಡಿ ತಾನೇ ಮೇಲೇಳುತ್ತದೆ. ಐದು ನಿಮಿಷ ಉರಿಸಿದ್ದಕ್ಕೆ ಅದು ಕಾಣಿಸಿಯೇ ಇರಲಿಲ್ಲ. ವಾಲ್ವಿನೊಳಗಿನ ಸಣ್ಣ ರಬ್ಬರ್ ಬಿಲ್ಲೆಯನ್ನೂ ಬದಲಿಸಿದೆ.

ಬರ್ನರ್ ಬುಡದ ವಾಷರ್ ಸೀಸದ್ದು. ಅಲ್ಲಿ ಬಿಸಿ ಜಾಸ್ತಿ, ರಬ್ಬರ್ ನಡೆಯಲ್ಲ. ಒಮ್ಮೆ ಒತ್ತಿ ಚಪ್ಪಟೆಯಾದ ಸೀಸವನ್ನು ಮತ್ತೆ ಹಾಕಬಾರದು. ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕೇ ಬೇಕು: ಒಂದು ಕೆಳಗಿನ ಕೊಳವೆಯನ್ನು ಹಿಡಿಯಲಿಕ್ಕೆ, ಇನ್ನೊಂದು ಬರ್ನರ್ ತಿರುಗಿಸಲಿಕ್ಕೆ. ಒಂದರಲ್ಲೇ ತಿರುವಿದರೆ ಕೊಳವೆ ತಿರುಚಿ ಟ್ಯಾಂಕಿನ ಬೆಸುಗೆ ಬಿರುಕು ಬಿಡುತ್ತದೆ. ಆಮೇಲೆ ಟ್ಯಾಂಕಿಗೆ ಬೆಸುಗೆ ಹಾಕುವ ಕೆಲಸ, ಅದು ದೊಡ್ಡ ಅಪಾಯ. ಖಾಲಿ ಕಂಡರೂ ಒಳಗೆ ಎಣ್ಣೆಯ ಆವಿ ಇರುತ್ತದೆ. ಚೆನ್ನಾಗಿ ತೊಳೆದು, ಬೆಸುಗೆಯ ಜಾಗದವರೆಗೂ ನೀರು ತುಂಬದೆ ನಾನಂತೂ ಬೆಂಕಿ ಹತ್ತಿರ ತರಲ್ಲ.

ಮೇಷ್ಟ್ರು ಸ್ಟವ್ ಒಯ್ಯಲು ಮತ್ತೆ ಬಂದ ದಿನ ಅಂಗಡಿ ಮುಂದೆ ಗಾಳಿ ಆಡುವಲ್ಲಿ, ಅವರ ಎದುರಿಗೇ ಪೂರ್ತಿ ಅರ್ಧ ಗಂಟೆ ಉರಿಸಿದೆ. ಪಕ್ಕದಲ್ಲಿ ಒದ್ದೆ ಗೋಣಿಚೀಲ ಇತ್ತು. ಟೀ ಕುದಿಯಿತು, ಇಬ್ಬರೂ ಕುಡಿದೆವು. ಆಮೇಲೆ ಗಾಳಿ ಬಿಟ್ಟು ಆರಿಸಿ, ಮುಚ್ಚಳದ ಸುತ್ತ ಹಳೇ ಪೇಪರ್ ತುಂಡು ಒತ್ತಿ ಮೇಷ್ಟ್ರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಎರಡೂ ಕಡೆ ತಿರುಗಿಸಿ ನೋಡಿದರು. ಎಣ್ಣೆಯ ಕಲೆ ಇರಲಿಲ್ಲ. ದುಡ್ಡು ಕೊಡಲು ಬಂದರು, ನಾನು ತಗೊಳ್ಳಲಿಲ್ಲ. ಎರಡು ವಾಷರ್ ಜಾಸ್ತಿ ಕತ್ತರಿಸಿ ಡಬ್ಬಿಯಲ್ಲಿ ಹಾಕಿ ಕಳಿಸಿದೆ.