ವ್ಯವಸ್ಥೆ ಎಂದರೆ ನಾನೇ

ಶಿವರಾತ್ರಿ ಮುಗಿದು ಉಗಾದಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ನನ್ನ ಮೊಬೈಲ್ ಬಿಸಿಯಾಗತೊಡಗುತ್ತದೆ. ರಾಯಚೂರಿನಿಂದ ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ಓಣಿಯವರ ಸಾಮಾನಿನ ಲೆಕ್ಕ 14 ವರ್ಷದಿಂದ ನನ್ನ ಬಳಿ ಇದೆ. ಹಾಗಾಗಿ ಕರೆ ಮಾಡಿದವರೆಲ್ಲರ ಪ್ರಶ್ನೆಯೂ ಒಂದೇ. “ಅಂಕಲ್, ನಾವು ಬೆಂಗಳೂರಿನಿಂದ ಬರುತ್ತೇವೆ, ಕಾಡಿನ ದಾರಿ ಮಾತ್ರ ನಡೆಯುತ್ತೇವೆ. ನಡಿಗೆ ಶುರುವಾಗುವ ಜಾಗಕ್ಕೆ ಲಗೇಜ್ ಮುಟ್ಟಿಸುವ ವ್ಯವಸ್ಥೆ ಇದೆಯಾ?”

ಇದೆ. ಆ ವ್ಯವಸ್ಥೆಗೆ ಈಗ 58 ವರ್ಷ. ಬಲ ಮೊಣಕಾಲು ಸವೆದಿದೆ. ಮಧ್ಯಾಹ್ನ ಉಂಡ ಮೇಲೆ ಅರ್ಧ ಗಂಟೆ ಮಲಗದಿದ್ದರೆ ಸಿಡುಕುತ್ತದೆ. ವ್ಯವಸ್ಥೆ ಎಂದರೆ ನಾನೇ.

ಮೊದಲು ಉತ್ತರ ಹೇಳಿಬಿಡುತ್ತೇನೆ, ಬೈಗುಳ ಆಮೇಲೆ. ನಮ್ಮವರು ರಾಯಚೂರು ಬಿಟ್ಟು ಐಜ, ಶಾಂತಿನಗರ, ಅಲಂಪುರ ಕ್ರಾಸ್ ಹಾದು, ತುಂಗಭದ್ರೆಯ ಸೇತುವೆ ದಾಟಿ ಕರ್ನೂಲು ಸೇರುತ್ತಾರೆ. ಅಲ್ಲಿಂದ ನಂದಿಕೊಟ್ಕೂರು, ಆತ್ಮಕೂರು, ವೆಂಕಟಾಪುರ. ಅಲ್ಲಿಯವರೆಗೆ ರಸ್ತೆ ಇದೆ, ಸಾಮಾನಿನ ಟಾಟಾ ಏಸ್ ಬೆನ್ನ ಹಿಂದೆಯೇ ಇರುತ್ತದೆ. ವೆಂಕಟಾಪುರದ ಆಚೆ ನಲ್ಲಮಲ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸ ದ್ವಾರ, ಎಲ್ಲವೂ ಕಾಲುದಾರಿ. ಬೆಂಗಳೂರಿನವರ ನಡಿಗೆ ಶುರುವಾಗುವುದು ಇಲ್ಲಿ. ಚೀಲ ಇಲ್ಲಿಗೆ ಬರಬೇಕೆಂದರೆ ಎರಡು ದಾರಿ ಇವೆ. ನಾವು ಹೊರಡುವ ಮೊದಲೇ ಯಾರ ಕೈಯಲ್ಲಾದರೂ ರಾಯಚೂರಿನ ನನ್ನ ಅಂಗಡಿಗೆ ಮುಟ್ಟಿಸಿ. ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತದೆ. ಇಲ್ಲವಾದರೆ ಹೆಗಲಿಗೆ ಹಾಕಿಕೊಂಡು ಕರ್ನೂಲಿಗೆ ಬಂದು ಆತ್ಮಕೂರಿನ ಬಸ್ ಹತ್ತಿ. ಪಾರ್ಸೆಲ್ ಮಾಡಬೇಡಿ.

ಮಾಡಬೇಡಿ ಎಂದರೆ ಯಾಕೆ ಎನ್ನುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಒಮ್ಮೆ ಬರೆದು ಕೈತೊಳೆದುಕೊಳ್ಳುತ್ತೇನೆ.

2019ರ ಉಗಾದಿ. ನನ್ನ ಹೆಂಡತಿಯ ಅಣ್ಣನ ಮಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. “ಮಾವ, ನಿಮಗೆ ತೊಂದರೆ ಬೇಡ, ನಾನೇ ಕಳಿಸುತ್ತೇನೆ” ಎಂದು ಗಾಲಿ ಇರುವ ಸೂಟ್‌ಕೇಸನ್ನು ಪಾರ್ಸೆಲ್ ಮಾಡಿದ. ಕಾಡಿಗೆ, ಗಾಲಿ! ವಿಳಾಸ: ಆತ್ಮಕೂರು, ಆಂಧ್ರ ಪ್ರದೇಶ. ಆತ್ಮಕೂರು ಒಂದೇ ಅಲ್ಲ. ನಮಗೆ ಬೇಕಾದದ್ದು ಆಗ ಕರ್ನೂಲು ಜಿಲ್ಲೆಯಲ್ಲಿತ್ತು, 2022ರಿಂದ ನಂದ್ಯಾಲ ಜಿಲ್ಲೆಯಲ್ಲಿದೆ. ನೆಲ್ಲೂರು ಜಿಲ್ಲೆಯಲ್ಲಿ ಇನ್ನೊಂದು ಆತ್ಮಕೂರಿದೆ. ಅನಂತಪುರದ ಕಡೆ ಮತ್ತೊಂದು. ಅದೂ ಸಾಲದು ಎಂದು ತೆಲಂಗಾಣದ ವನಪರ್ತಿ ಜಿಲ್ಲೆಯಲ್ಲೂ ಒಂದಿದೆ, ಅದು ರಾಯಚೂರಿಗೆ ಹತ್ತಿರ. ಸೂಟ್‌ಕೇಸು ಇವುಗಳಲ್ಲಿ ಎಲ್ಲಕ್ಕಿಂತ ದೂರದ್ದನ್ನು ಆರಿಸಿಕೊಂಡು ನೆಲ್ಲೂರು ಸೀಮೆ ಸೇರಿತು. ಹುಡುಗ ವೆಂಕಟಾಪುರಕ್ಕೆ ಬಂದಿಳಿದಾಗ ಮೈಮೇಲಿನ ಪ್ಯಾಂಟು, ಕೈಯಲ್ಲಿ ಪಾರ್ಸೆಲ್ಲಿನ ರಸೀದಿ, ಇಷ್ಟೇ ಇತ್ತು. ನನ್ನ ಪಂಚೆ ಕೊಟ್ಟೆ. ಚಾಲಕನ ಚಪ್ಪಲಿ ಕೊಡಿಸಿದೆ. ನಡೆದ, ಪಾಪ. ಆದರೆ ಕಾಡಿನುದ್ದಕ್ಕೂ ಸೂಟ್‌ಕೇಸಿನದೇ ಮಾತು. ಅದರಲ್ಲಿ ಮೂರು ಜೊತೆ ಬೂಟು ಮತ್ತು ಗಾಳಿ ತುಂಬುವ ದಿಂಬು ಇದ್ದವೆಂದು ಇಡೀ ಗುಂಪಿಗೆ ಇವತ್ತಿಗೂ ಬಾಯಿಪಾಠ. ಸೂಟ್‌ಕೇಸು 18 ದಿನಕ್ಕೆ ಬೆಂಗಳೂರಿಗೆ ಮರಳಿತು. ಮದುವೆ ಮನೆಗಳಲ್ಲಿ ಸಿಕ್ಕಾಗ ಅವನು ಈಗಲೂ ಹೇಳುವುದೇನು? “ನಡಿಗೆ ಚೆನ್ನಾಗಿತ್ತು ಮಾವ, ಲಗೇಜಿನ ವ್ಯವಸ್ಥೆ ಸರಿ ಇರಲಿಲ್ಲ.”

ಆ ವರ್ಷದಿಂದ ನನ್ನದೂ ಒಂದು ಕಾನೂನು. ತಲೆಗೆ 7 ಕಿಲೋ. ಗಂಜಿನಲ್ಲಿ, ಅಂದರೆ ಊರಿನ ಸಗಟು ಮಾರುಕಟ್ಟೆಯಲ್ಲಿ, ನನ್ನದು ಬೀಜ ಗೊಬ್ಬರದ ಅಂಗಡಿ, ತೂಕದ ಯಂತ್ರ ಅಲ್ಲೇ ಇದೆ, ವಾದಕ್ಕೆ ಜಾಗವಿಲ್ಲ. 42 ಜನರ ಚೀಲವೇ 3 ಕ್ವಿಂಟಲ್ ಮುಟ್ಟುತ್ತದೆ. ಅದರ ಮೇಲೆ ಅಕ್ಕಿ, ಬೇಳೆ, ಕಟಕ ರೊಟ್ಟಿಯ ಡಬ್ಬಿಗಳು, ಕೊಪ್ಪರಿಗೆ, ಜಮಖಾನೆ. ಟಾಟಾ ಏಸ್ ಮುಕ್ಕಾಲು ಟನ್ನಿಗೆ ಮಾಡಿದ ಗಾಡಿ, ಅದು ಕೈಲಾಸಕ್ಕೆ ಹೋಗುವ ಪುಷ್ಪಕ ವಿಮಾನವಲ್ಲ. “ಕಾಲು ನೋಯ್ದರೆ ಅದರಲ್ಲಿ ಕೂರಬಹುದಾ” ಎಂದು ಕೇಳುವವರಿಗೆ: ಕೂರುವಂತಿಲ್ಲ. ಅದು ಸರಕಿನ ಗಾಡಿ, ನಮ್ಮ ದಾರಿಯಲ್ಲಿ ಬರುವುದು ಮೂರು ರಾಜ್ಯಗಳ ಪೊಲೀಸರು.

ಇನ್ನೊಂದು ಜಾತಿಯ ಜನರಿದ್ದಾರೆ. ಅವರು ಪ್ರಶ್ನೆ ಕೇಳುವುದಿಲ್ಲ, ಉಪದೇಶ ಮಾಡುತ್ತಾರೆ. ಹೋದ ವರ್ಷ ಒಬ್ಬ ಹಿರಿಯರು ಅಂಗಡಿಯ ಕುರ್ಚಿಯಲ್ಲಿ ಕುಳಿತು, “ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋದಳಲ್ಲ, ಆಕೆಯ ಲಗೇಜನ್ನು ಯಾರು ಹೊತ್ತರು?” ಎಂದರು. ಯಾರೂ ಹೊರಲಿಲ್ಲ ಸ್ವಾಮಿ. ಆಕೆ ಸೀರೆಯನ್ನೂ ಬಿಟ್ಟು ಹೊರಟವಳು. ನನ್ನ ಗುಂಪಿನಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು ಮೂವರಿದ್ದಾರೆ, ಅವರ ಔಷಧಿಗೆ ಐಸ್ ಡಬ್ಬಿ ಬೇಕು, ನಮ್ಮ ಸೀಮೆಯ ಬಿಸಿಲು ಏನೆಂದು ನಿಮಗೂ ಗೊತ್ತು. ಇಷ್ಟು ಹೇಳಿ ಅವರ ಚೀಲವನ್ನು ತೂಕಕ್ಕಿಟ್ಟೆ. 14 ಕಿಲೋ ತೋರಿಸಿತು.

ತೂಕಕ್ಕೆ ಹಾಕದ ಗಂಟು ಒಂದಿದೆ. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಕಡೆಯ ಹೆಣ್ಣುಮಗಳು, ಮಲ್ಲಯ್ಯ, ಅಂದರೆ ಮಲ್ಲಿಕಾರ್ಜುನ, ನಮ್ಮ ಅಳಿಯ ಎಂಬುದು ಈ ಭಾಗದ ನಂಬಿಕೆ. ಉಗಾದಿಗೆ ಮಗಳಿಗೆಂದು ಸೀರೆ, ಅರಿಶಿನ, ಕುಂಕುಮ ಒಯ್ಯುತ್ತಾರೆ. ನಮ್ಮ ದೊಡ್ಡವ್ವ ಆ ಗಂಟನ್ನು ಎಂಟು ದಿನವೂ ಕಂಕುಳಿಂದ ಇಳಿಸುವುದಿಲ್ಲ. ಮೊದಲ ವರ್ಷ ನಾನು ತಿಳಿಯದೆ, “ಅದನ್ನೂ ಇತ್ತ ಕೊಡು, ನಂಬರು ಹಾಕುತ್ತೇನೆ” ಎಂದೆ. ಆಕೆ ನೋಡಿದ ನೋಟಕ್ಕೆ ಕೈಯಲ್ಲಿದ್ದ ಬಣ್ಣದ ಕುಂಚ ಕೆಳಗೆ ಬಿತ್ತು.

ನಂಬರಿನ ವಿಷಯ ಹೇಳಲಿಲ್ಲ. ನಮ್ಮಲ್ಲಿ ಮುಕ್ಕಾಲು ಜನರ ಚೀಲ ಗೊಬ್ಬರದ ಚೀಲದಿಂದ ಹೊಲಿದದ್ದು, ಎಲ್ಲವೂ ಅವಳಿ ಜವಳಿ. ಗಂಜಿನಲ್ಲಿ ಹಮಾಲರು ಮೂಟೆಗೆ ಗುರುತು ಹಾಕುವ ಹಾಗೆ ನಾನು 1ರಿಂದ 42ರವರೆಗೆ ಬಣ್ಣದಲ್ಲಿ ಬರೆಯುತ್ತೇನೆ.

ಎಲ್ಲರೂ ಕೇಳುವುದು ಸಾಮಾನು ತಮ್ಮನ್ನು ಮುಟ್ಟುತ್ತದೆಯೇ ಎಂದು. ಅವರು ಸಾಮಾನನ್ನು ಮುಟ್ಟದಿದ್ದರೆ ನಾನು ಏನು ಮಾಡುತ್ತೇನೆ ಎಂದು 14 ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನನಗೆ ಉತ್ತರಿಸಬೇಕೆನಿಸುವ ಪ್ರಶ್ನೆ ಅದು.

ವೆಂಕಟಾಪುರದಲ್ಲಿ ಅವರು ಒಂದು ನೀರಿನ ಬಾಟಲಿ, ಟವೆಲು, ಬ್ಯಾಟರಿ, ಮಾತ್ರೆ ಇಟ್ಟುಕೊಂಡು ಕಾಡು ಹೊಗುತ್ತಾರೆ. ನಾನು ಮತ್ತು ಚಾಲಕ ಆತ್ಮಕೂರಿಗೆ ಹಿಂದಿರುಗಿ, ದೋರ್ನಾಲ ಸುತ್ತಿ, ಘಾಟಿ ಹತ್ತಿ ಶ್ರೀಶೈಲ ಸೇರಬೇಕು, 100 ಕಿಲೋಮೀಟರಿಗೂ ಮೇಲೆ. ಹುಲಿ ಇರುವ ಕಾಡು, ರಾತ್ರಿ ಗೇಟು ಹಾಕುತ್ತಾರೆ, ಹೊತ್ತು ಮುಳುಗುವ ಮೊದಲೇ ದಾಟಿಬಿಡುತ್ತೇವೆ. ಆಮೇಲೆ ಛತ್ರದ ಪಡಸಾಲೆಯಲ್ಲಿ ಚೀಲಗಳನ್ನು ಸಾಲಾಗಿ ಜೋಡಿಸಿ ಕುಳಿತೆನೆಂದರೆ ಎರಡು ದಿನ ಏಳುವ ಹಾಗಿಲ್ಲ. ಕೋತಿಗಳಿವೆ, ಕೈಚಳಕದವರೂ ಇದ್ದಾರೆ. ಗುಡಿಯ ಶಿಖರ ಕಾಣುತ್ತಿರುತ್ತದೆ, ದರ್ಶನಕ್ಕೆ ಹೋಗಲಾಗುವುದಿಲ್ಲ. 17ನೇ ಚೀಲದೊಳಗೆ ಮರೆತ ಮೊಬೈಲು ನಸುಕಿನ ನಾಲ್ಕಕ್ಕೆ ಅಲಾರಾಂ ಹೊಡೆಯುತ್ತದೆ, ಬೀಗ ಹಾಕಿದ ಚೀಲ, ನಿಲ್ಲಿಸುವಂತಿಲ್ಲ. ಯಾವ ಚೀಲದಲ್ಲಿ ಶೇಂಗಾ ಹಿಂಡಿ ಇದೆ, ಯಾವುದರಲ್ಲಿ ನೋವಿನೆಣ್ಣೆ ಸೋರಿದೆ ಎಂದು ಮೂಗಿನಿಂದಲೇ ಹೇಳಬಲ್ಲೆ. ಕಾಡಿನೊಳಗೆ ಫೋನು ಹತ್ತುವುದಿಲ್ಲ. ಜನ ಒಬ್ಬೊಬ್ಬರಾಗಿ ಕುಂಟುತ್ತಾ ಬರುತ್ತಾರೆ, ನನ್ನನ್ನು ನೋಡುವ ಮೊದಲು ಚೀಲವನ್ನು ನೋಡುತ್ತಾರೆ. ಸಾಲು ಕರಗುತ್ತಾ ಹೋಗುತ್ತದೆ.

ಒಂದು ವರ್ಷ ಸಂಜೆ ಏಳಕ್ಕೆ 41 ಚೀಲ ಹೋದವು. 23ನೇ ನಂಬರಿನ ಚೀಲ ಉಳಿಯಿತು. ಅದು ಮಾನ್ವಿ ಕಡೆಯ ಕಾಕಾನದು, ಎಪ್ಪತ್ತು ದಾಟಿದವರು, ಮೊದಲ ಸಲ ಬಂದಿದ್ದರು. ಪೆದ್ದಚೆರುವಿನವರೆಗೆ ಜೊತೆಯಲ್ಲಿದ್ದರು ಎಂದು ಒಬ್ಬ ಹೇಳಿದ, ಭೀಮುನಿ ಕೊಲನಿನ ಮೆಟ್ಟಿಲ ಬಳಿ ಕೂತಿದ್ದರು ಎಂದು ಇನ್ನೊಬ್ಬ. ಹುಡುಗರು ಇಬ್ಬರು ಬ್ಯಾಟರಿ ಹಿಡಿದು ಕೈಲಾಸ ದ್ವಾರದವರೆಗೆ ಹೋಗಿ ಬಂದರು. ಪೊಲೀಸರಿಗೆ ಹೇಳಿದೆವು. ಮೈಕಿನಲ್ಲಿ ಹೆಸರು ಕೂಗಿಸಿದೆವು. ಎಲ್ಲರೂ ಉಂಡು ಮಲಗಿದರು, ಆ ಚೀಲ ಮತ್ತು ನಾನು ಎದ್ದಿದ್ದೆವು. 42 ಇದ್ದಾಗ ಅದು ಕಣ್ಣಿಗೇ ಬಿದ್ದಿರಲಿಲ್ಲ.

ರಾತ್ರಿ ಹನ್ನೊಂದರ ಮೇಲೆ ತಡೆಯಲಾಗದೆ ಗಂಟು ಬಿಚ್ಚಿದೆ. ಬೇರೆಯವರ ಚೀಲ ಬಿಚ್ಚಿದ್ದು ಅದೊಂದೇ ಸಲ. ಮಗನ ನಂಬರು ಸಿಕ್ಕೀತು ಎಂಬ ಆಸೆ. ಒಂದು ಧೋತರ, ಹಲ್ಲುಪುಡಿ, ನಾಲ್ಕು ರೊಟ್ಟಿ, ಬಿ.ಪಿ. ಮಾತ್ರೆಯ ಪಟ್ಟಿ. ತಳದಲ್ಲಿ ಮಡಿಚಿದ ಚೀಟಿ, ಯಾರೋ ಶಾಲೆಯ ಮಗು ಬರೆದುಕೊಟ್ಟ ದುಂಡು ಅಕ್ಷರ: “ಏನಾದರೂ ಆದರೆ ಇವರಿಗೆ ಫೋನ್ ಮಾಡಿ.” ಕೆಳಗೆ ಇದ್ದದ್ದು ನನ್ನದೇ ನಂಬರು.

ಚೀಟಿ ಹಾಗೇ ಮಡಿಚಿಟ್ಟು, ಗಂಟು ಹಾಕಿ, ಚೀಲದ ಪಕ್ಕದಲ್ಲೇ ಅಡ್ಡಾದೆ. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಏಳಕ್ಕೆ ಬಂದರು. ಮಲ್ಲಯ್ಯನ ಕಂಬಿಯನ್ನು (ಹೆಗಲ ಮೇಲೆ ಹೊರುವ ಕಾವಡಿ) ಹೊತ್ತು ಹೊರಟ ಬಾಗಲಕೋಟೆಯ ಕಡೆಯ ಗುಂಪೊಂದು ದಾರಿಯಲ್ಲಿ ಇವರನ್ನು ಕೂರಿಸಿಕೊಂಡು, ಉಣ್ಣಿಸಿ, ಕಾಲಿಗೆ ಎಣ್ಣೆ ತಿಕ್ಕಿ ಮಲಗಿಸಿತ್ತಂತೆ. ಮುಖದಲ್ಲಿ ಒಳ್ಳೆಯ ನಿದ್ದೆ ಮಾಡಿದವರ ಕಳೆ. ನಾನು ಎದ್ದು ನಿಲ್ಲುವಷ್ಟರಲ್ಲಿ ಅವರು ಚೀಲದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

“ಇದು ನಾನು ಹಾಕಿದ ಗಂಟಲ್ಲ ತಮ್ಮಾ” ಎಂದರು. “ನನ್ನ ಚೀಲ ಯಾರು ಬಿಚ್ಚಿದರು?”